ಕೋವಿಯ ಹಿಡಿಮರ

ಆಯುಧಗಳ ಚರಿತ್ರೆಯನ್ನು ಬರೆಯುವವರು ಅಲಗನ್ನೂ ನಳಿಗೆಯನ್ನೂ ವರ್ಣಿಸುವರು. ಹಿಡಿಯನ್ನು ವಿಚಾರಿಸುವವರು ವಿರಳ. ಅಲಗು ಎದುರಾಳಿಗೆ ಕಾಣುವ ಭಾಗ. ಹಿಡಿಯಾದರೋ ಹಿಡಿದವನ ಅಂಗೈಗೆ ಮಾತ್ರ ತಿಳಿಯುವ ಭಾಗ. ಮನುಷ್ಯನ ಶರೀರವೂ ಆಯುಧವೂ ಒಂದಾಗುವುದು ಅಲ್ಲಿಯೇ. ಆದುದರಿಂದ ಒಂದು ಸೀಮೆಯ ಜನರು ಯಾವ ಗುರಿಗೆ, ಯಾವ ಭಂಗಿಯಲ್ಲಿ, ಯಾವ ಮನೋಭಾವದಿಂದ ಆಯುಧವನ್ನೆತ್ತಿದರೆಂಬುದನ್ನು ಹಿಡಿಯ ಆಕಾರದಿಂದ ಬಹುಮಟ್ಟಿಗೆ ಊಹಿಸಬಹುದು.

ಈ ವಿಚಾರವು ಪ್ರಾಚೀನರಿಗೆ ತಿಳಿಯದುದಲ್ಲ. ವಾಸಿಷ್ಠ ಧನುರ್ವೇದದಲ್ಲಿ ನಾರಿಯನ್ನು ಸೆಳೆಯುವ ಮುಷ್ಟಿಗಳನ್ನು ಪತಾಕಾ, ವಜ್ರಮುಷ್ಟಿ, ಸಿಂಹಕರ್ಣ, ಮತ್ಸರೀ, ಕಾಕತುಂಡೀ ಎಂದು ಐದು ಬಗೆಯಾಗಿ ಹೇಳಿದೆ. ಬಿಲ್ಲನ್ನು ಹಿಡಿಯುವುದರಲ್ಲಿಯೂ ಅಧಃಸಂಧಾನ, ಸಮಸಂಧಾನ, ಊರ್ಧ್ವಸಂಧಾನವೆಂಬ ಮೂರು ಭೇದಗಳುಂಟು. ಬಾಣವು ದೂರ ಹೋಗಬೇಕಾದಾಗ ಒಂದು, ಲಕ್ಷ್ಯವು ನಿಶ್ಚಲವಾಗಿದ್ದಾಗ ಒಂದು, ಗಟ್ಟಿಯಾದುದನ್ನು ಭೇದಿಸಬೇಕಾದಾಗ ಮತ್ತೊಂದು. ಗುರಿಯು ಬದಲಾದರೆ ಹಿಡಿತವೂ ಬದಲಾಗಬೇಕೆಂಬುದು ಇದರ ತಾತ್ಪರ್ಯ. ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಬೇಟೆಯನ್ನು ಹೊಗಳುತ್ತ, ಚಲಿಸುವ ಲಕ್ಷ್ಯದಲ್ಲಿ ಬಾಣವು ನೆಡುವುದೇ ಬಿಲ್ಲಾಳಿಗೆ ಹಿರಿಮೆಯೆಂದು ದುಷ್ಯಂತನಿಗೆ ಹೇಳುವನು. ನಿಂತ ಗುರಿ, ಓಡುವ ಗುರಿ—ಈ ಎರಡರ ಭೇದವೇ ಮುಂದೆ ಕೋವಿಯ ಹಿಡಿಮರದ ಚರಿತ್ರೆಯಲ್ಲಿಯೂ ಮುಖ್ಯಸೂತ್ರವಾಗಿ ನಿಲ್ಲುವುದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಲ್ಲುಬೆಟ್ಟಗಳ ಸೀಮೆ. ಬೆಟ್ಟಕ್ಕೊಂದು ಕೋಟೆ, ಕೋಟೆಗೊಬ್ಬ ಪಾಳೆಯಗಾರ. ಮಧುಗಿರಿಯ ಏಕಶಿಲೆ, ಚನ್ನರಾಯನದುರ್ಗ, ನಿಡುಗಲ್ಲು, ಪಾವಗಡದ ಬೆಟ್ಟ—ಇವೆಲ್ಲವೂ ಕೋವಿಯ ಹೊಗೆಯನ್ನು ಕಂಡ ಸ್ಥಳಗಳೇ. ೧೬೭೮ರಲ್ಲಿ ಮಧುಗಿರಿಯು ಚಿಕ್ಕದೇವರಾಜ ಒಡೆಯರ ವಶವಾಯಿತು. ಬಿಜಾಪುರವು ಬಿದ್ದ ಮರುವರ್ಷ, ಎಂದರೆ ೧೬೮೭ರಲ್ಲಿ, ಶಿರಾ ನಗರವು ಮೊಗಲರ ಸುಬಾಕ್ಕೆ ರಾಜಧಾನಿಯಾಗಿ, ಕಾಸಿಂಖಾನನು ಅಲ್ಲಿಯ ಮೊದಲನೆಯ ಫೌಜುದಾರನಾದನು. ೧೭೬೧ರಲ್ಲಿ ಬಸಾಲತ್ ಜಂಗನು ಶಿರಾದ ನವಾಬಗಿರಿಯನ್ನು ಹೈದರಾಲಿಗೆ ಕೊಟ್ಟನು. ಹೀಗೆ ಒಂದೇ ಸೀಮೆಯೊಳಗೆ ಪಾಳೆಯಗಾರರ ಬೇಡಪಡೆ, ಮೈಸೂರಿನ ದಂಡು, ಮೊಗಲರ ಸೈನ್ಯ, ಮರಾಠರ ರಾವುತರು ಎಲ್ಲರ ಆಯುಧಗಳೂ ಸಂಚರಿಸಿದುವು.

ಆಯುಧದ ಹೆಸರುಗಳೂ ಈ ಸಂಚಾರಕ್ಕೆ ಸಾಕ್ಷಿಯಾಗಿರುವುವು. ಕೋವಿಯೆಂಬುದು ಕೊಳವೆಯೆಂಬ ಅರ್ಥದ ದೇಶ್ಯಪದ; ತುಪಾಕಿಯೆಂಬುದು ತುರುಕಭಾಷೆಯಿಂದ ಬಂದುದು; ಬಂದೂಕೆಂಬುದು ಫಾರಸಿಯ ಮೂಲಕ ಬಂದುದು. ಮೂರೂ ಇಂದಿಗೂ ಜನರ ಬಾಯಲ್ಲಿ ನಿಂತಿವೆ.

ಕಬ್ಬಿಣಕ್ಕೂ ಈ ಸೀಮೆಯಲ್ಲಿ ಬಡತನವಿರಲಿಲ್ಲ. ಟಿಪ್ಪುವಿನ ಪತನಾನಂತರ ೧೮೦೦ರಲ್ಲಿ ಈ ಪ್ರಾಂತ್ಯಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗಗಳ ಕಡೆ ಕಬ್ಬಿಣವನ್ನು ಕರಗಿಸುತ್ತಿದ್ದ ಕ್ರಮವನ್ನು ಬರೆದಿಟ್ಟಿರುವನು. ಮಳೆಗಾಲದ ತೊರೆಗಳು ತರುವ ಕರಿಯ ಮರಳೇ ಅದಿರು. ಆ ಕಬ್ಬಿಣವನ್ನು ತಂಗಡಿಯ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕನ್ನು ಮಾಡುವ ವಿಧಾನವನ್ನೂ ಅವನು ವಿವರಿಸಿರುವನು. ಕುಲುಮೆಯೂ ಬಡಗಿಯ ಮನೆಯೂ ಹತ್ತಿರವಿದ್ದ ಊರಿನಲ್ಲಿ ಕೋವಿಯ ಮರ ಮುರಿದರೆ ಹೊಸದನ್ನು ಕೂಡಿಸಲು ದೂರ ಹೋಗಬೇಕಾಗಿರಲಿಲ್ಲ.

ಬತ್ತಿಯಿಂದ ಕಿಡಿ ತಗುಲಿಸುವ ಹಳೆಯ ಕೋವಿಗಳ ಹಿಡಿಮರವು ಬಹುತೇಕ ನೇರವಾದುದು, ಸಣ್ಣದು, ಐದು ಮೂಲೆಯ ಕಂಬಿಯಂತೆ ಹಿಂದಕ್ಕೆ ಚಾಚಿಕೊಂಡಿರುವುದು. ಭುಜಕ್ಕೆ ಆನಿಸಲು ಅಗಲವಾದ ಹಿಮ್ಮಡಿಯು ಅದಕ್ಕಿಲ್ಲ. ನಳಿಗೆಯು ಉದ್ದವಾಗಿಯೂ ಭಾರವಾಗಿಯೂ ಇದ್ದುದರಿಂದ ಮದ್ದಿನ ಒದೆತವನ್ನು ಆ ಭಾರವೇ ನುಂಗುತ್ತಿತ್ತು. ಕೋಟೆಯ ಗೋಡೆಯ ಕಿಂಡಿಯಲ್ಲಿ ನಳಿಗೆಯನ್ನು ಒರಗಿಸಿ ಹೊಡೆಯುವವನಿಗೆ ಮುಂಗೈಯ ಶ್ರಮವೂ ಕಡಮೆ. ಇಂಥವನಿಗೆ ನೇರವಾದ ಹಿಡಿಯಿಂದ ಕೊರತೆಯೇನೂ ಆಗುತ್ತಿರಲಿಲ್ಲವೆಂದು ಊಹಿಸುವುದು ಯುಕ್ತ.

ಪಶ್ಚಿಮದ ಕಡೆ ಹೋದರೆ ಆಕಾರವೇ ಬೇರೆ. ಕೊಡಗು ಮಲೆಯಾಳಗಳ ಬತ್ತಿಕೋವಿಗಳಲ್ಲಿ ಹಿಡಿಮರವು ಮೊಟಕಾಗಿ ಕೆಳಕ್ಕೆ ಬಾಗಿರುವುದು. ದಟ್ಟವಾದ ಕಾಡಿನಲ್ಲಿ ಉದ್ದನೆಯ ಮರವು ಬಳ್ಳಿಗೂ ಪೊದೆಗೂ ತೊಡರುವುದು. ಮೊಟಕಾದುದು ಬೇಗನೆ ಎದ್ದು ಗುರಿಗೆ ಬರುವುದು. ಸಮುದ್ರತೀರದಲ್ಲಿ ಪೋರ್ಚುಗೀಸರ ಸಂಪರ್ಕವೂ ಇದಕ್ಕೆ ಸೇರಿತು. ೧೫೧೦ರಲ್ಲಿ ಗೋವೆಯನ್ನು ಹಿಡಿದ ಆಲ್ಬುಕರ್ಕನು, ೧೫೧೩ರಲ್ಲಿ ತನ್ನ ಅರಸನಿಗೆ ಬರೆಯುತ್ತ, ಗೋವೆಯ ಕೋವಿಗಾರರು ಯೂರೋಪಿನ ಬೊಹೀಮಿಯಾದವರಿಗೆ ಸಮಾನರೆಂದು ಹೊಗಳಿ, ಅವರ ಕೈಕೆಲಸವನ್ನು ಮಾದರಿಗಾಗಿ ಕಳುಹಿಸಿದನು. ಆದುದರಿಂದ ಕೋವಿಯು ಹೊರಗಿನಿಂದ ಬಂದ ವಸ್ತುವಾದರೂ ಅದನ್ನು ಕೈಗೆ ಒಗ್ಗಿಸಿಕೊಂಡ ವಿದ್ಯೆಯಲ್ಲಿ ಈ ನಾಡಿನವರ ಪಾಲು ದೊಡ್ಡದು.

ಹೈದರ್ ಟಿಪ್ಪುಗಳ ಕಾಲದಲ್ಲಿ ಬತ್ತಿಯ ಸ್ಥಾನಕ್ಕೆ ಚಕಮಕಿಕಲ್ಲು ಬಂದಿತು. ಟಿಪ್ಪುವಿನ ಕಾರ್ಖಾನೆಗಳಲ್ಲಿ ಯೂರೋಪಿನ ಮಾದರಿಯ ಬಂದೂಕುಗಳು ಹುಲಿಮುಖದ ಗುರುತಿನೊಡನೆ ತಯಾರಾದುವು. ಇವುಗಳ ಮರವು ಮಣಿಕಟ್ಟಿನ ಬಳಿ ಸಣ್ಣಗಾಗಿ, ಹಿಂದಕ್ಕೆ ಅಗಲವಾಗಿ, ಭುಜದಲ್ಲಿ ಕುಳಿತುಕೊಳ್ಳುವಂತೆ ತುಸು ಇಳಿದಿರುವುದು. ೧೭೯೯ರ ನಂತರ ದಂಡಿನ ಬಂದೂಕು ಇಂಗ್ಲಿಷರದಾಯಿತು. ಪ್ರಜೆಯ ಕೋವಿಗೆ ರಹದಾರಿ ಬೇಕಾಯಿತು. ೧೮೫೭ರ ದಂಗೆಯಾದ ಮೇಲೆ ನಿರಾಯುಧೀಕರಣದ ಶಾಸನಗಳು ಬಂದುವು. ೧೮೭೮ರಲ್ಲಿ ಭಾರತದ ಆಯುಧಶಾಸನವು ಹುಟ್ಟಿತು. ಕೊಡಗಿನವರಿಗೆ ಮಾತ್ರ ೧೮೬೧ರಲ್ಲಿ ಮಾರ್ಕ್ ಕಬ್ಬನ್ನನ ಘೋಷಣೆಯಿಂದ ವಿನಾಯಿತಿ ದೊರೆಯಿತು. ಬಯಲುಸೀಮೆಯಲ್ಲಿ ಅಂಥ ವಿನಾಯಿತಿ ಇರಲಿಲ್ಲ. ಪಾಳೆಯಗಾರರ ಬಂಟರ ಕೈಯಲ್ಲಿದ್ದ ಆಯುಧವು ಕ್ರಮೇಣ ಹೊಲ ಕಾಯುವವನ ಕೇಪಿನ ಕೋವಿಯಾಗಿಯೂ, ಬೇಟೆಯ ಹವ್ಯಾಸವಿದ್ದ ಅನುಕೂಲಸ್ಥರ ಜೋಡುನಳಿಗೆಯಾಗಿಯೂ ಉಳಿಯಿತು.

ಈ ಜೋಡುನಳಿಗೆಯ ಕೋವಿಯಿಂದಲೇ ಹಿಡಿಮರದ ಹೊಸ ಪ್ರಕರಣವು ಮೊದಲಾಗುವುದು. ಲಂಡನ್ನಿನ ಜೋಸೆಫ್ ಮ್ಯಾಂಟನ್ (೧೭೬೬–೧೮೩೫) ಮುಂತಾದ ಕುಶಲರು ಹಾರುವ ಹಕ್ಕಿಗೆಂದು ಹಗುರವಾದ ಕೋವಿಯನ್ನು ರೂಪಿಸಿದರು. ಇದರಲ್ಲಿ ಎರಡು ನಳಿಗೆ, ಎರಡು ಕುದುರೆ. ಒಂದನೆಯ ಈಡಾದ ಕೂಡಲೆ ಬೆರಳು ಹಿಂದಿನ ಕುದುರೆಗೆ ಹೋಗಬೇಕು. ಅದರೊಡನೆ ಕೈಯೂ ಮರದ ಮೇಲೆ ತುಸು ಜಾರಬೇಕು. ಹಿಡಿಯು ನೇರವಾಗಿದ್ದರೆ ಮಾತ್ರ ಇದು ಸುಲಭ. ಅಲ್ಲದೆ, ಎರಡು ಕೈಗಳೂ ಒಂದೇ ರೇಖೆಯಲ್ಲಿದ್ದು, ಕಣ್ಣು ನೋಡಿದ ಕಡೆಗೆ ನಳಿಗೆಯು ತಾನಾಗಿ ತಿರುಗುವುದು. ಪೊದೆಯಿಂದ ಬರ್ರನೆ ಏಳುವ ಕೌಜುಗಕ್ಕೆ ಗುರಿ ಹಿಡಿಯುವಷ್ಟು ಅವಕಾಶವಿರುವುದಿಲ್ಲ. ಅಲ್ಲಿ ಬೆರಳು ತೋರಿಸಿದಂತೆ ಕೋವಿಯನ್ನು ತೋರಿಸಬೇಕು. ಸೇನಾಪತಿಯು ಹೊಗಳಿದ ಚಲಲಕ್ಷ್ಯಕ್ಕೆ ನೇರಹಿಡಿಯೇ ತಕ್ಕುದು.

ನಿಶ್ಚಲಲಕ್ಷ್ಯದ ಬೇಟೆ ಬೇರೆ. ಅದರಲ್ಲಿ ಬೇಟೆಗಾರನು ಹಕ್ಕಿಯ ಬಳಿಗೆ ಹೋಗುವುದಿಲ್ಲ. ಹಕ್ಕಿಯನ್ನೇ ತನ್ನ ಬಳಿಗೆ ಬರಿಸುವನು. ಸಾಕಿದ ಮೃಗವನ್ನೊಡ್ಡಿ ಕಾಡಿನ ಮೃಗವನ್ನು ಸೆಳೆಯುವುದಕ್ಕೆ ಹಳಗನ್ನಡದಲ್ಲಿ ದೀವವೆಂಬ ಪದವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಬೇಟೆಯ ಬಗೆಗಳಿಗೆಂದೇ ಮೃಗಯಾವಿನೋದವೆಂಬ ಪ್ರಕರಣವಿದೆ. ಪಂಜರದ ಕೌಜುಗವನ್ನು ಕೂಗಿಸಿ ಕಾಡಿನದನ್ನು ಕರೆಯುವುದು ಈ ಬಯಲುಗಳಲ್ಲಿ ಬಹುಕಾಲ ನಡೆದ ಕ್ರಮ. ಎರೆಭೂತ ಹಕ್ಕಿಗೂ ಕೃಷ್ಣಮೃಗಕ್ಕೂ ಎತ್ತಿನ ಗಾಡಿಯ ಮರೆಯೇ ಸಾಧನ. ಗಾಡಿಯನ್ನು ದಿನವೂ ನೋಡಿ ಬೆದರದ ಪ್ರಾಣಿಯು ಅದರೊಳಗಣ ಕೋವಿಯನ್ನು ಕಾಣದು.

ಈ ಎರಡನೆಯ ಬಗೆಯ ಬೇಟೆಯು ಇಂದು ಅತ್ಯಂತ ಸೂಕ್ಷ್ಮವಾಗಿ ಬೆಳೆದಿರುವುದು ಅಮೆರಿಕಾದ ಟರ್ಕಿಕೋಳಿಯ ಬೇಟೆಯಲ್ಲಿ. ಈ ಹಕ್ಕಿಯು ಭಾರತಕ್ಕೆ ತೀರ ಅಪರಿಚಿತವಲ್ಲ. ೧೬೧೨ರಲ್ಲಿ ಮುಕರಬ್ ಖಾನನು ಗೋವೆಯಿಂದ ತಂದ ಒಂದನ್ನು ಜಹಾಂಗೀರನು ಕಂಡು ಬೆರಗಾಗಿ, ಮನ್ಸೂರನೆಂಬ ಚಿತ್ರಗಾರನಿಂದ ಅದರ ಚಿತ್ರವನ್ನು ಬರೆಸಿದನು. ನಮ್ಮ ನವಿಲಿನ ದೂರದ ಬಂಧುವಾದ ಈ ಕಾಡುಹಕ್ಕಿಯ ಕಣ್ಣು ಬಲು ಚುರುಕು. ವಸಂತಕಾಲದಲ್ಲಿ ಬೇಟೆಗಾರನು ಮರದ ಬುಡಕ್ಕೆ ಬೆನ್ನು ಕೊಟ್ಟು, ಮೊಣಕಾಲಿನ ಮೇಲೆ ಕೋವಿಯನ್ನಿಟ್ಟು, ಹೆಣ್ಣಿನ ಕೂಗನ್ನು ಅನುಕರಿಸಿ ಹುಂಜವನ್ನು ಕರೆಯುವನು. ಅದು ಬರುವುದಕ್ಕೆ ಒಂದು ಗಂಟೆಯೂ ಆಗಬಹುದು. ಬಂದಾಗ ಕೈಯಲುಗಿದರೆ ಕೆಲಸ ಕೆಟ್ಟಿತು. ಬಾಯಿ ಕಿರಿದಾದ ನಳಿಗೆಯಿಂದ ಚರೆಗಳನ್ನು ಒಟ್ಟಾಗಿ ತಲೆಕತ್ತುಗಳಿಗೆ ಹೊಡೆಯಬೇಕು; ನಲವತ್ತು ಗಜವೇ ಹಿಂದಿನಿಂದ ಬಂದ ಎಲ್ಲೆ.

ಇಂಥ ಬೇಟೆಗಾರನು ತನ್ನ ಕೋವಿಗೆ ಪಿಸ್ತೂಲಿನಂತೆ ಕೆಳಕ್ಕಿಳಿದ ಹಿಡಿಯುಳ್ಳ ಮರವನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಕುಳಿತವನ ಮೊಳಕೈ ಕೆಳಗಿರುವುದು. ಹಿಡಿಯು ನೇರವಾಗಿದ್ದರೆ ಮಣಿಕಟ್ಟನ್ನು ತಿರುಚಿ ಹಿಡಿಯಬೇಕು. ತಿರುಚಿದ ಕೈ ಬೇಗ ದಣಿದು ನಡುಗುವುದು. ಇಳಿಹಿಡಿಯಲ್ಲಿ ಮಣಿಕಟ್ಟು ತನ್ನ ಸಹಜಸ್ಥಿತಿಯಲ್ಲಿಯೇ ಇರುವುದು. ಕೋವಿಯನ್ನು ಭುಜದೊಳಕ್ಕೆ ಎಳೆದುಕೊಳ್ಳಲು ಅಂಗೈಗೆ ಆಸರೆ ದೊರೆಯುವುದು. ತೋರುಬೆರಳು ಕುದುರೆಯನ್ನು ನೆಟ್ಟಗೆ ಎಳೆಯುವುದು. ಟರ್ಕಿಕೋಳಿಗೆ ಬಳಸುವ ತೋಟಾಗಳು ಉದ್ದವಾಗಿಯೂ ಭಾರವಾಗಿಯೂ ಇರುವುದರಿಂದ ಒದೆತವು ಹೆಚ್ಚು. ಅದನ್ನು ಹಿಡಿಯೂ ಹಿಮ್ಮಡಿಯ ರಬ್ಬರೂ ಹಂಚಿಕೊಳ್ಳುವುವು.

ಆದರೆ ಗುಣವಿದ್ದಲ್ಲಿ ದೋಷವೂ ಉಂಟು. ಕೆಲವು ಕೋವಿಗಳಲ್ಲಿ, ಮಾಸ್‌ಬರ್ಗ್ ಕಂಪೆನಿಯ ಪ್ರಸಿದ್ಧವಾದ ೫೦೦ರ ಮಾದರಿಯಲ್ಲಿರುವಂತೆ, ಈಡನ್ನು ತಡೆಯುವ ಗುಂಡಿಯು ನಳಿಗೆಯ ಹಿಂದೆ ಮೇಲ್ಭಾಗದಲ್ಲಿರುವುದು. ನೇರಹಿಡಿಯಲ್ಲಿ ಹೆಬ್ಬೆರಳು ಅದರ ಮೇಲೆಯೇ ಇರುವುದು. ಇಳಿಹಿಡಿಯಲ್ಲಿ ಅದು ಎಟುಕದು. ಎಟುಕಿಸಲು ಕೈಯನ್ನು ಸಡಿಲಿಸಿದರೆ ಹಕ್ಕಿಯು ಕಾಣುವುದು. ೧೯೫೦ರಿಂದ ಪ್ರಚಾರದಲ್ಲಿರುವ ರೆಮಿಂಗ್ಟನ್ ೮೭೦ರಂಥವುಗಳಲ್ಲಿ ಆ ಗುಂಡಿಯು ಕುದುರೆಯ ಹತ್ತಿರವೇ ಇರುವುದರಿಂದ ಈ ತೊಡಕಿಲ್ಲ. ಆದುದರಿಂದ ಮರವನ್ನು ಆರಿಸುವ ಮೊದಲು ತಡೆಗುಂಡಿಯನ್ನು ನೋಡಬೇಕು. ಎರಡನೆಯದಾಗಿ, ಕುದುರೆಯಿಂದ ಹಿಮ್ಮಡಿಯವರೆಗಿನ ಅಳತೆ. ಸಾಧಾರಣವಾಗಿ ಅದು ಹದಿನಾಲ್ಕು ಅಂಗುಲದ ಆಸುಪಾಸು. ದಪ್ಪನೆಯ ಅಂಗಿ ತೊಟ್ಟು ಕುಳಿತು ಹೊಡೆಯುವವನಿಗೆ ತುಸು ಕಡಮೆಯೇ ಒಳ್ಳೆಯದು. ಮೂರನೆಯದಾಗಿ, ಕೆನ್ನೆ ತಾಗುವ ಏಣಿನ ಎತ್ತರ. ಕೆನ್ನೆಯನ್ನು ಇಟ್ಟೊಡನೆ ಕಣ್ಣು ನಳಿಗೆಯ ತುದಿಯ ಮಣಿಗೆ ಸರಿಯಾಗಿ ನಿಲ್ಲಬೇಕು. ಏಣು ತಗ್ಗಾದರೆ ತಲೆಯನ್ನು ಎತ್ತಬೇಕಾಗಿ ಗುರಿ ಕೆಡುವುದು. ಹಿಮ್ಮಡಿಯೇ ಇಲ್ಲದ ಬರಿಯ ಪಿಸ್ತೂಲುಹಿಡಿಯು ನೋಡಲು ಭಯಂಕರವಾದರೂ ಬೇಟೆಗೆ ನಿಷ್ಪ್ರಯೋಜಕ. ಭುಜದ ಆಸರೆಯಿಲ್ಲದೆ ಗುರಿಯೇ ಇಲ್ಲ.

ಮರದ ವಿಷಯದಲ್ಲಿಯೂ ಒಂದು ಮಾತುಂಟು. ನೇರವಾದ ಹಲಗೆಯನ್ನು ಬಾಗಾಗಿ ಕೆತ್ತಿದರೆ ಬಾಗಿನ ಕಡೆ ಮರದ ನಾರು ಕತ್ತರಿಸಿಹೋಗುವುದು. ಒದೆತಕ್ಕೆ ಅಲ್ಲಿಯೇ ಬಿರುಕು ಬಿಡುವುದು. ನಾರು ಹಿಡಿಯ ಬಾಗನ್ನೇ ಅನುಸರಿಸಿ ಹರಿಯುವಂಥ ತುಂಡನ್ನು ಆರಿಸಬೇಕು. ಪಾಶ್ಚಾತ್ಯರು ಅಕ್ರೋಟಿನ ಬುಡದ ಕಡೆಯ ತುಂಡನ್ನು ಮೆಚ್ಚುವುದು ಇದಕ್ಕಾಗಿಯೇ. ಈ ತತ್ತ್ವವನ್ನು ಬಯಲುಸೀಮೆಯ ರೈತನಿಗೆ ಹೇಳಿಕೊಡಬೇಕಾದುದಿಲ್ಲ. ನೇಗಿಲಿಗೂ ಮೇಳಿಗೂ ಅವನು ತಾನಾಗಿ ಬಾಗಿ ಬೆಳೆದ ಜಾಲಿಯ ಕೊಂಬೆಯನ್ನೇ ಹುಡುಕಿ ಕಡಿಯುತ್ತಿದ್ದನು. ಕೋವಿಯ ಹಿಡಿಗೂ ನೇಗಿಲ ಮೇಳಿಗೂ ಶಾಸ್ತ್ರ ಒಂದೇ. ಈಚೆಗೆ ಅಮೆರಿಕಾದಲ್ಲಿ ರಾಸಾಯನಿಕ ದ್ರವ್ಯದಿಂದ ಎರಕ ಹೊಯ್ದ ಹಿಡಿಗಳು ಬಂದು, ನಾರಿನ ಚಿಂತೆಯನ್ನೇ ತಪ್ಪಿಸಿವೆ; ಅದರೊಡನೆ ಬಡಗಿಯ ಕಣ್ಣಿಗಿದ್ದ ಬೆಲೆಯೂ ತಪ್ಪಿತು.

ಇಷ್ಟರಿಂದ ಒಂದು ಪ್ರಶ್ನೆ ಏಳುವುದು. ಹಿಡಿಯು ಸ್ಥಿರವಾದಷ್ಟೂ ಈಡು ತಪ್ಪುವುದು ಕಡಮೆ. ಹಾರುವ ಹಕ್ಕಿಗೆ ಅದರ ರೆಕ್ಕೆಯೇ ರಕ್ಷೆ; ಕರೆದು ನಿಲ್ಲಿಸಿಕೊಂಡ ಹಕ್ಕಿಗೆ ರಕ್ಷೆ ಯಾವುದು? ಇಂಗ್ಲಿಷ್ ಬೇಟೆಗಾರರು ಕುಳಿತ ಹಕ್ಕಿಯನ್ನು ಹೊಡೆಯುವುದು ಅಪಮಾನವೆಂದರು. ಟರ್ಕಿಯ ಬೇಟೆಗಾರರು, ನಿಂತ ಹಕ್ಕಿಯ ತಲೆಗೇ ಹೊಡೆದರೆ ಅದು ಗಾಯಗೊಂಡು ನರಳದೆ ಕ್ಷಣದಲ್ಲಿ ಸಾಯುವುದೆಂದರು. ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಆದರೆ ಯಾವ ವಾದವೂ ಕಟ್ಟಳೆಯಿಲ್ಲದೆ ಹಕ್ಕಿಯನ್ನು ಉಳಿಸಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಮೆರಿಕಾದ ಅನೇಕ ಸಂಸ್ಥಾನಗಳಲ್ಲಿ ಟರ್ಕಿಕೋಳಿಯು ನಿಶ್ಶೇಷವಾಗಿದ್ದಿತು. ೧೯೩೭ರಲ್ಲಿ ಅಲ್ಲಿ ಪಿಟ್‌ಮನ್–ರಾಬರ್ಟ್‌ಸನ್ ಶಾಸನವು ಬಂದು, ಬೇಟೆಯ ಕೋವಿ ಮದ್ದುಗುಂಡುಗಳ ಮೇಲಣ ಸುಂಕವು ವನ್ಯಜೀವಿಗಳ ಪೋಷಣೆಗೆ ಮೀಸಲಾಯಿತು. ಉಳಿದಿದ್ದ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಬರಿದಾದ ಕಾಡುಗಳಿಗೆ ಸಾಗಿಸಿದರು. ವಸಂತದ ಬೇಟೆಯನ್ನು ಹುಂಜಗಳಿಗೆ ಮಿತಗೊಳಿಸಿದರು. ಹಕ್ಕಿಗಳು ಮರಳಿ ಲಕ್ಷಾಂತರವಾಗಿ ತುಂಬಿಕೊಂಡುವು.

ಈ ನಾಡಿನ ದಾರಿ ಬೇರೆಯಾಯಿತು. ಮೈಸೂರು ಸಂಸ್ಥಾನದಲ್ಲಿ ೧೯೦೧ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ಶಾಸನವಾಗಿದ್ದಿತು. ಆದರೂ ಬಯಲುಗಳು ಉಳುಮೆಗೆ ಬಂದುವು. ಗಾಡಿಯ ಮರೆಯ ಸ್ಥಾನಕ್ಕೆ ಮೋಟಾರು ಬಂದಿತು. ಒಣಬಯಲುಗಳ ಮಹಾಪಕ್ಷಿಯಾದ ಎರೆಭೂತವು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರಿಗುಪ್ಪದ ಕಡೆಯ ಬೆರಳೆಣಿಕೆಗೆ ಇಳಿಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು, ಅದಕ್ಕೆ ೧೯೯೧ರಲ್ಲಿ ಆದ ತಿದ್ದುಪಡಿಯು, ರಹದಾರಿಯ ಬೇಟೆಗೂ ಕೊನೆ ಹೇಳಿದುವು. ೧೯೬೩ರಲ್ಲಿ ರಾಷ್ಟ್ರಪಕ್ಷಿಯಾದ ನವಿಲು ಇಂದು ಈ ತಾಲ್ಲೂಕುಗಳ ಹೊಲಗಳಲ್ಲಿ ನಿರ್ಭಯವಾಗಿ ತಿರುಗುವುದು; ಬಿತ್ತಿದ ಕಡಲೆಕಾಯಿಯನ್ನು ಕೆದಕಿ ತಿನ್ನುವುದೂ ಉಂಟು. ರೈತನ ಮನೆಯಲ್ಲಿ ಕೋವಿಯಿದ್ದರೂ ಅದು ಬೆದರಿಸುವ ಸದ್ದಿಗೆ ಮಾತ್ರ. ಚುನಾವಣೆ ಬಂದಾಗ ಅದು ಪೋಲೀಸು ಠಾಣೆಗೆ ಹೋಗಿ ಕುಳಿತುಬರುವುದು.

ಶಾಸನದ ಜೊತೆಗೆ ಜನರ ಮನಸ್ಸೂ ಸೇರಿದಲ್ಲಿ ಫಲವು ಕಣ್ಣಿಗೆ ಕಾಣುವಂತಿದೆ. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಊರವರ ಮನೆಗಳ ನಡುವೆಯೇ ಗೂಡು ಕಟ್ಟುವುವು. ಊರವರೇ ಅವಕ್ಕೆ ಕಾವಲು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ೨೦೦೭ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಾಯಿತು. ೨೦೧೯ರಲ್ಲಿ ಶಿರಾ ಕಡೆಯ ಬುಕ್ಕಾಪಟ್ಟಣದ ಕಾಡು ಚಿಂಕಾರವೆಂಬ ಹುಲ್ಲೆಗಾಗಿ ಅಭಯಾರಣ್ಯವಾಯಿತು. ಹಿಂದೆ ಗಾಡಿಯ ಮರೆಯಲ್ಲಿ ಕೋವಿ ಹಿಡಿದು ಹೋಗುತ್ತಿದ್ದ ಬಯಲಿನಲ್ಲಿ ಈಗ ಪಟ್ಟಣಗಳಿಂದ ಬಂದವರು ಕ್ಯಾಮರಾ ಹಿಡಿದು ಉಸಿರು ಬಿಗಿಹಿಡಿದು ಕುಳಿತಿರುವರು. ಆ ಯಂತ್ರಕ್ಕೂ ಬಲಗೈಗೆ ಒಗ್ಗುವ ಉಬ್ಬಿದ ಹಿಡಿಯಿರುವುದನ್ನು ವಾಚಕರು ಗಮನಿಸಿರಬಹುದು. ನಿಶ್ಚಲಲಕ್ಷ್ಯವನ್ನು ಕಾಯುವ ಕೈಗೆ ಬೇಕಾದ ಆಸರೆಯು ಎರಡು ಕಡೆಯೂ ಒಂದೇ.

ಒಳ್ಳೆಯ ಹಿಡಿಯು ಗುರಿಯನ್ನು ನಿಲ್ಲಿಸಬಲ್ಲುದು. ಹೊಡೆಯಬೇಕೋ ಬಿಡಬೇಕೋ ಎಂಬುದನ್ನು ಅದು ನಿರ್ಣಯಿಸದು. ನೇರವೋ ಬಾಗಿದುದೋ ಎಂಬ ವಿಚಾರವನ್ನು ಕುಶಲರು ಅಂಗುಲಗಳಲ್ಲಿ ಅಳೆದು ಮುಗಿಸಿರುವರು. ಹಿಡಿದವನ ಮಿತಿಯನ್ನು ಮಾತ್ರ ಪ್ರತಿಯೊಂದು ತಲೆಮಾರೂ ಹೊಸದಾಗಿ ಅಳೆದುಕೊಳ್ಳಬೇಕಾಗಿದೆ. ಮೈದನಹಳ್ಳಿಯ ಹುಲ್ಲಿನಲ್ಲಿ ಮೇಯುವ ಕೃಷ್ಣಮೃಗವು ಈ ತಲೆಮಾರು ಅಳೆದ ಮಿತಿಯ ಆಸರೆಯಲ್ಲಿ ಬದುಕಿದೆ.